ನಾಗರಭಾವಿಯೋ, ಶಾಮೀರ್‌ಪೇಟೆಯೋ? ಮಗಳ ಲಾ ಸೀಟಿನ ವಿಷಯ, ತಿಳಿದವರು ಬೇಗ ಹೇಳಿ

ಬಟ್ಟೆಅಂಗಡಿ_ಅಪ್ಪ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯು ಕಾಮರ್ಸ್. ಡಿಸೆಂಬರಿನಲ್ಲಿ ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆದಿದ್ದಳು. ಮೊದಲ ಪಟ್ಟಿಯಲ್ಲಿ ಹೈದರಾಬಾದಿನ ಶಾಮೀರ್‌ಪೇಟೆಯಲ್ಲಿರುವ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಬಂದಿದೆ. ಪ್ರಿಫರೆನ್ಸ್‌ನಲ್ಲಿ ಒಂದನೆಯದಾಗಿ ಹಾಕಿದ್ದು ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್. ಕರ್ನಾಟಕದ ವಿದ್ಯಾರ್ಥಿಗಳಿಗೆ ಇರುವ 25 ಪರ್ಸೆಂಟ್ ಮೀಸಲಾತಿಯಲ್ಲಿ ಮುಂದಿನ ಪಟ್ಟಿಗೆ ಅದೂ ಬರಬಹುದು ಅಂತ ಕೋಚಿಂಗ್‌ನವರು ಹೇಳುತ್ತಾರೆ. ದೆಹಲಿಯ ಎನ್‌ಎಲ್‌ಯುಗೆ (ಅಲ್ಲಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ) ಬೇರೆ ಪರೀಕ್ಷೆ ಬರೆದಿದ್ದಳು, ಅಲ್ಲಿ ವೇಟಿಂಗ್ ಲಿಸ್ಟ್.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಗಳಿಗೆ ಈಗ ಹೈದರಾಬಾದ್ ಮೇಲೆ ಮನಸ್ಸು. ಅವಳ ಅಮ್ಮನಿಗೆ ಬೆಂಗಳೂರೇ ಆಗಬೇಕು, ವಂದೇ ಭಾರತ್ ಹತ್ತಿದರೆ ನಾಲ್ಕು ಗಂಟೆ ಅಂತ. ನಮ್ಮಣ್ಣ ಇಲ್ಲೇ ಕೋರ್ಟಿನಲ್ಲಿ ವಕೀಲರು. ಅವರು ಹೇಳುವುದು: "ಇಪ್ಪತ್ತು ಲಕ್ಷ ಸುರಿಯೋದು ಯಾಕೆ? ಇಲ್ಲೇ ಓದಿಸು, ಸಂಜೆ ನನ್ನ ಆಫೀಸಿಗೆ ಬರಲಿ." ಮಗಳಿಗೆ ಜಡ್ಜ್ ಆಗುವ ಆಸೆ. ನನಗೆ ಜಿಎಸ್‌ಟಿ ಬಿಟ್ಟರೆ ಬೇರೆ ಕಾನೂನು ಗೊತ್ತಿಲ್ಲ. ಫ್ರೀಜ್ ಒತ್ತಬೇಕಾ, ಫ್ಲೋಟ್ ಒತ್ತಬೇಕಾ? ಎರಡೇ ದಿನ ಟೈಮ್ ಇದೆ.

ಮಿರ್ಚಿಮಂಡಕ್ಕಿ, ದಾವಣಗೆರೆ
ಮೊದಲು ಮಗಳಿಗೆ ಶುಭಾಶಯ ಹೇಳಿ ಸಾರ್. ನಲ್ಸಾರ್ ಸೀಟು ಬಂತು ಅಂತ ತಲೆ ಕೆಡಿಸಿಕೊಂಡವರನ್ನು ಇವತ್ತೇ ನೋಡಿದ್ದು.

ಕರಿಕೋಟು, ಚಿತ್ರದುರ್ಗ
ಊರು ಯಾವುದು ಅನ್ನೋದು ಆಮೇಲೆ. ಮೊದಲು ಫ್ಲೋಟ್ ಅಂದರೆ ಏನು ಅಂತ ತಿಳಿದುಕೊಳ್ಳಿ. ತುಂಬಾ ಪೋಷಕರು ಅದನ್ನು "ಎರಡೂ ಸೀಟು ಕೈಯಲ್ಲಿ ಇಟ್ಟುಕೊಳ್ಳೋದು" ಅಂದುಕೊಂಡಿದ್ದಾರೆ. ಹಾಗಲ್ಲ. ಫ್ಲೋಟ್ ಒತ್ತಿದರೆ ನಿಮ್ಮ ಪಟ್ಟಿಯಲ್ಲಿ ಮೇಲಿರುವ ಕಾಲೇಜು ಸಿಕ್ಕ ಕೂಡಲೇ ಕೆಳಗಿನದು ತಾನಾಗೇ ಹೋಗುತ್ತದೆ. ಆಮೇಲೆ "ಇಲ್ಲ, ಹಳೇದೇ ಕೊಡಿ" ಅಂದರೆ ಯಾರೂ ಕೊಡಲ್ಲ. ಫ್ರೀಜ್ ಒತ್ತಿದರೆ ನಲ್ಸಾರೇ ಖಾಯಂ, ಬೆಂಗಳೂರಿನ ಬಾಗಿಲು ಮುಚ್ಚಿತು.

ಅಂದರೆ ಬೆಂಗಳೂರು ಬಂದರೆ ಹೋಗೇ ಹೋಗ್ತೀವಿ ಅಂತಿದ್ದರೆ ಮಾತ್ರ ಫ್ಲೋಟ್. ಮಗಳಿಗೆ ಹೈದರಾಬಾದೇ ಬೇಕು ಅಂತಿದ್ದರೆ ಪ್ರಿಫರೆನ್ಸ್ ಹಾಕುವಾಗಲೇ ಯೋಚಿಸಬೇಕಿತ್ತು.

ದೆಹಲಿಯದು ಈ ಲೆಕ್ಕಕ್ಕೆ ಬರಲ್ಲ. ಅವರು ಕ್ಲಾಟ್ ಒಳಗೆ ಇಲ್ಲ, ಐಲೆಟ್ ಅಂತ ಅವರದೇ ಪರೀಕ್ಷೆ.

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ನ್ಯಾಷನಲ್ ಲಾ ಸ್ಕೂಲ್ ಅಂದರೆ ನ್ಯಾಷನಲ್ ಲಾ ಸ್ಕೂಲ್ ರೀ. ಕೇಳೋದೇನಿದೆ? ಕೇಂದ್ರ ಸರ್ಕಾರದ ಕಾಲೇಜು ಪಟ್ಟಿ ಎನ್‌ಐಆರ್‌ಎಫ್‌ನಲ್ಲಿ ಕಾನೂನಿಗೆ ರ‍್ಯಾಂಕಿಂಗ್ ಶುರುವಾದ 2018ರಿಂದ ಒಂದನೇ ಸ್ಥಾನ ಬಿಟ್ಟುಕೊಟ್ಟಿಲ್ಲ.

ಶಾಮೀರ್‌ಪೇಟೆ_ಹಳೆಹುಲಿ, ಮುಂಬೈ (ಮೂಲ ಹೊನ್ನಾಳಿ)
ರ‍್ಯಾಂಕಿಂಗ್ ನೋಡಿ ಕಾಲೇಜು ಆರಿಸೋದಾದರೆ ಈ ಚರ್ಚೆಯೇ ಬೇಡ. ಅದೇ ಪಟ್ಟಿಯಲ್ಲಿ ದೆಹಲಿ ಎರಡು, ನಲ್ಸಾರ್ ಮೂರು. ಈ ಮೂರರ ನಡುವೆ ಪಾಠದಲ್ಲಿ, ಕೆಲಸ ಸಿಗೋದರಲ್ಲಿ ಅಂಥ ದೊಡ್ಡ ಅಂತರ ಇಲ್ಲ. ಅಂತರ ಇರೋದು ಬದುಕೋ ರೀತಿಯಲ್ಲಿ.

ನಾನು ನಲ್ಸಾರ್‌ನಲ್ಲಿ ಓದಿದವನು. ಕ್ಯಾಂಪಸ್ ಶಾಮೀರ್‌ಪೇಟೆಯಲ್ಲಿ. ಹೈದರಾಬಾದ್ ಅಂತ ಹೆಸರು, ಆದರೆ ಊರಿನಿಂದ ಆಚೆ. ಚಾರ್ಮಿನಾರ್ ನೋಡಬೇಕು ಅಂದರೆ ಒಂದು ದಿನವೇ ಬೇಕು. ಹಾಗಾಗಿ ಎಲ್ಲರೂ ಒಳಗೇ ಇರುತ್ತಾರೆ, ಸ್ನೇಹ ಗಟ್ಟಿ, ಜಗಳವೂ ಗಟ್ಟಿ. ಸೆಮಿಸ್ಟರ್ ಪದ್ಧತಿ, ವರ್ಷಕ್ಕೆ ಎರಡು. ಬೆಂಗಳೂರಿನಲ್ಲಿ ಟ್ರೈಮೆಸ್ಟರ್, ವರ್ಷಕ್ಕೆ ಮೂರು. ಅಂದರೆ ಐದು ವರ್ಷಕ್ಕೆ ಹದಿನೈದು ಸಲ ಪರೀಕ್ಷೆಯ ಗಲಾಟೆ. ಕೆಲವರಿಗೆ ಆ ಓಟ ಇಷ್ಟ. ಕೆಲವರಿಗೆ ಉಸಿರು ಕಟ್ಟುತ್ತದೆ. ಮಗಳು ಯಾವ ಥರ ಅಂತ ನಿಮಗೇ ಗೊತ್ತಿರಬೇಕು.

ಇನ್ನೊಂದು ತಮಾಷೆ. ಎಲ್ಲಾ ಒಂದೇ ಮನೆತನ. ಬೆಂಗಳೂರಿನದನ್ನು ಕಟ್ಟಿದ ಮಾಧವ ಮೆನನ್ ಅವರೇ ಆಮೇಲೆ ಹೋಗಿ ಕೋಲ್ಕತ್ತಾದ ಕಾನೂನು ವಿಶ್ವವಿದ್ಯಾಲಯ ಎನ್‌ಯುಜೆಎಸ್ ಕಟ್ಟಿದರು. ನಲ್ಸಾರ್ ಶುರು ಮಾಡಿದ ರಣಬೀರ್ ಸಿಂಗ್ ಅವರೇ 2008ರಲ್ಲಿ ದೆಹಲಿ ಎನ್‌ಎಲ್‌ಯುನ ಮೊದಲ ಕುಲಪತಿ. ಐದು ವರ್ಷದ ಲಾ ಅನ್ನೋದು ದೇಶದಲ್ಲಿ ಬೇರೂರಿದ್ದೇ 1988ರಲ್ಲಿ ಬೆಂಗಳೂರಿನ ಮೊದಲ ಬ್ಯಾಚ್‌ನಿಂದ.

ಮಿರ್ಚಿಮಂಡಕ್ಕಿ, ದಾವಣಗೆರೆ
@ಶಾಮೀರ್‌ಪೇಟೆ_ಹಳೆಹುಲಿ ಊಟ ಹೇಗಣ್ಣ ಅಲ್ಲಿ? ಅದನ್ನೂ ಹೇಳಿಬಿಡು.

ಶಾಮೀರ್‌ಪೇಟೆ_ಹಳೆಹುಲಿ, ಮುಂಬೈ (ಮೂಲ ಹೊನ್ನಾಳಿ)
ಖಾರ ತಿನ್ನೋಕೆ ಕಲಿತೆ. ರೊಟ್ಟಿ ಮರೆತೆ.

ಪಿಬಿರೋಡ್_ಅಮ್ಮ, ದಾವಣಗೆರೆ
ತಾಯಿ ಹೇಳೋದನ್ನು ಯಾರೂ ಕೇಳ್ತಿಲ್ಲ ಇಲ್ಲಿ. ಹದಿನೆಂಟರ ಹುಡುಗಿ. ಹೈದರಾಬಾದಿಗೆ ರಾತ್ರಿ ಪೂರ್ತಿ ಬಸ್ಸು. ಜ್ವರ ಬಂತು ಅಂತ ಫೋನ್ ಮಾಡಿದರೆ ನಾವು ಹೋಗಿ ಮುಟ್ಟೋದರೊಳಗೆ ಜ್ವರ ಬಿಟ್ಟಿರುತ್ತದೆ.

ತುಂಗಭದ್ರಾ_ತೀರ, ಹರಿಹರ
@ಪಿಬಿರೋಡ್_ಅಮ್ಮ ಬಿಟ್ಟರೆ ಒಳ್ಳೇದೇ ಅಲ್ವಾ ಅಮ್ಮಾ 😄

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ಸೀರಿಯಸ್ ಆಗಿ ಹೇಳ್ತೀನಿ. ಹುಡುಗಿಗೆ ಜಡ್ಜ್ ಆಗಬೇಕು ಅಂತಿದೆಯಲ್ಲ, ಅಲ್ಲಿಂದ ಹಿಂದಕ್ಕೆ ಯೋಚಿಸಿ. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಇನ್ಮೇಲೆ ಸಿವಿಲ್ ಜಡ್ಜ್ ಪರೀಕ್ಷೆ ಬರೆಯೋಕೆ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು. ಮೊದಲಿನ ಹಾಗೆ ಕಾಲೇಜು ಬಿಟ್ಟು ನೇರ ಪೀಠಕ್ಕೆ ಹೋಗೋ ಹಾಗಿಲ್ಲ. ಐದು ವರ್ಷ ಓದು, ಮೂರು ವರ್ಷ ಪ್ರಾಕ್ಟೀಸ್, ಆಮೇಲೆ ಪರೀಕ್ಷೆ. ಬೆಂಗಳೂರಿನಲ್ಲಿ ಓದಿದರೆ ಇಲ್ಲಿನ ಹೈಕೋರ್ಟ್ ಕಣ್ಣೆದುರಿಗೇ ಇರುತ್ತದೆ, ರಜೆಯಲ್ಲಿ ಇಂಟರ್ನ್‌ಶಿಪ್ ಸಲೀಸು.

ಜಾಲಿಮರ, ಜಗಳೂರು
ದಾವಣಗೆರೆಯ ಕೇಸು ಧಾರವಾಡ ಬೆಂಚಿಗೆ ಹೋಗೋದಲ್ವಾ? ಬೆಂಗಳೂರು ಹೈಕೋರ್ಟ್ ನೋಡಿ ಏನು ಮಾಡ್ತಾರೆ?

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ಇಲ್ಲ ಸ್ವಾಮಿ. ಧಾರವಾಡ ಪೀಠ 2008ರಲ್ಲಿ ಬಂತು, 2013ರಲ್ಲಿ ಖಾಯಂ ಆಯ್ತು. ಅದರ ವ್ಯಾಪ್ತಿ ಹಾವೇರಿಯವರೆಗೆ. ತುಂಗಭದ್ರೆಯ ಈಚೆ ಇರೋ ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿಗೇ ಸೇರಿದ್ದು.

ಜಾಲಿಮರ, ಜಗಳೂರು
ಹತ್ತಿರ ಇರೋದು ಧಾರವಾಡ. ಹೋಗೋದು ಬೆಂಗಳೂರಿಗೆ. ಚೆನ್ನಾಗಿದೆ ನ್ಯಾಯ.

ದುರ್ಗದ_ಹೈದ, ಚಿತ್ರದುರ್ಗ
ಈ ದೊಡ್ಡ ಹೆಸರಿನ ಹುಚ್ಚು ಬಿಡಬೇಕು ಅಂತ ನನ್ನ ಅಭಿಪ್ರಾಯ. ನಾನು ಸ್ಟೇಟ್ ಲಾ ಯೂನಿವರ್ಸಿಟಿ ಕೆಳಗಿನ ಕಾಲೇಜಿನಲ್ಲಿ ಓದಿದೆ. ಈಗ ದುರ್ಗದ ಕೋರ್ಟಿನಲ್ಲಿ ನನ್ನದೇ ಆಫೀಸ್ ಇದೆ. ಫೀಸು ಕೆಲವು ಸಾವಿರ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತಿತ್ತು, ಕನ್ನಡದಲ್ಲೇ ಉತ್ತರ ಬರೆದವರು ನನ್ನ ಬ್ಯಾಚ್‌ನಲ್ಲಿ ಬೇಕಾದಷ್ಟು ಜನ. ಅದರಲ್ಲೊಬ್ಬರು ಈಗ ಜಡ್ಜ್.

ನಮ್ಮ ತಾಲೂಕು ಕೋರ್ಟುಗಳಲ್ಲಿ ಸಾಕ್ಷಿ ನುಡಿಯೋದು ಕನ್ನಡದಲ್ಲಿ. ಪಹಣಿ ಕನ್ನಡದಲ್ಲಿ. ಹಳೇ ಕ್ರಯಪತ್ರ ಅಂತೂ ಮೋಡಿ ಅಕ್ಷರದ ಹಾಗೆ ಇರುತ್ತದೆ, ಓದೋಕೆ ಬರಬೇಕು. ನಾಗರಭಾವಿಯಿಂದ ಬಂದ ಒಬ್ಬ ಹುಡುಗ ನಮ್ಮ ಸೀನಿಯರ್ ಹತ್ತಿರ ಇಂಟರ್ನ್‌ಶಿಪ್‌ಗೆ ಬಂದಿದ್ದ. ಸಂವಿಧಾನ ಕೇಳಿ, ನೀರು ಕುಡಿದ ಹಾಗೆ ಹೇಳುತ್ತಿದ್ದ. "ಖಾತೆ ಬದಲಾವಣೆಗೆ ಯಾರ ಹತ್ತಿರ ಹೋಗಬೇಕು?" ಅಂದರೆ ಗೂಗಲ್ ಮಾಡಿದ.

ಶಾಮೀರ್‌ಪೇಟೆ_ಹಳೆಹುಲಿ, ಮುಂಬೈ (ಮೂಲ ಹೊನ್ನಾಳಿ)
ಖಾತೆ ಬದಲಾವಣೆ ಯಾವ ಕಾಲೇಜಿನಲ್ಲಿ ಕಲಿಸ್ತಾರೆ ಹೇಳಿ? ನಿಮ್ಮ ಕಾಲೇಜಿನಲ್ಲಿ ಕಲಿಸಿದ್ರಾ, ಇಲ್ಲ ಸೀನಿಯರ್ ಆಫೀಸಿನಲ್ಲಿ ಕಲಿತ್ರಾ?

ದುರ್ಗದ_ಹೈದ, ಚಿತ್ರದುರ್ಗ
ಆಫೀಸಿನಲ್ಲೇ. ಆದರೆ ಮೊದಲ ವರ್ಷದಿಂದಲೇ ಆಫೀಸಿಗೆ ಹೋಗ್ತಿದ್ದೆ. ಶಾಮೀರ್‌ಪೇಟೆಯಿಂದ ಯಾವ ಆಫೀಸಿಗೆ ಹೋಗ್ತಾರೆ? ಅದೇ ನಾನು ಹೇಳೋದು.

ಮಿರ್ಚಿಮಂಡಕ್ಕಿ, ದಾವಣಗೆರೆ
ದುರ್ಗದವರಿಗೆ ದಾವಣಗೆರೆಯವರು ಮುಂದೆ ಹೋಗೋದು 1997ರಿಂದಲೂ ಸೇರಲ್ಲ 😂 ಜಿಲ್ಲೆ ಬೇರೆ ಆದಾಗಿನ ಸಿಟ್ಟು.

ದುರ್ಗದ_ಹೈದ, ಚಿತ್ರದುರ್ಗ
ಬೆಣ್ಣೆ ಹಚ್ಚೋದು ಬಿಟ್ಟರೆ ನಿಮಗೆ ಬೇರೇನು ಬರುತ್ತೆ? ನಮ್ಮೂರಲ್ಲಿ ವಕೀಲಿಕೆ ಮಾಡಿದವರು ಮುಖ್ಯಮಂತ್ರಿ ಆದರು. ನಿಜಲಿಂಗಪ್ಪನವರು.

ಕರಿಕೋಟು, ಚಿತ್ರದುರ್ಗ
ನಿಜಲಿಂಗಪ್ಪನವರು ಕಾನೂನು ಓದಿದ್ದು ಪುಣೆಯಲ್ಲಿ, 1926ರಲ್ಲಿ ಮುಗಿಸಿ ದುರ್ಗಕ್ಕೆ ಬಂದರು. ಅಂದರೆ ಹೊರಗೆ ಓದಿ ಊರಲ್ಲಿ ಪ್ರಾಕ್ಟೀಸ್ ಮಾಡಿದವರು. ನಿನ್ನ ವಾದಕ್ಕೇ ಅಡ್ಡ ಬಂತಲ್ಲಪ್ಪ ಇದು.

ತುಂಗಭದ್ರಾ_ತೀರ, ಹರಿಹರ
ಅಬ್ಜೆಕ್ಷನ್ ಸಸ್ಟೇನ್ಡ್.

ನಾಗರಭಾವಿ_ನಿವಾಸಿ, ಬೆಂಗಳೂರು
ಸದ್ಯ ಲಾ ಸ್ಕೂಲಿನಲ್ಲಿ ಓದುತ್ತಿದ್ದೇನೆ. ನಾನೂ ಚನ್ನಗಿರಿ ಕಡೆಯವಳು. ಅಂಕಲ್, ಎರಡು ವಿಷಯ ನೋಡಿಕೊಳ್ಳಿ.

ಕರ್ನಾಟಕದ ವಿದ್ಯಾರ್ಥಿ ಅಂದರೆ ಇಲ್ಲಿ ಹುಟ್ಟಿದವರು ಅಂತ ಅಲ್ಲ, ಕನ್ನಡ ಬರುವವರು ಅಂತಲೂ ಅಲ್ಲ. ಕರ್ನಾಟಕದ ಮಾನ್ಯತೆ ಇರುವ ಶಾಲೆ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಹತ್ತೂ ವರ್ಷಕ್ಕೆ ವ್ಯಾಸಂಗ ಪ್ರಮಾಣಪತ್ರ ತೆಗೆದಿಡಿ. ಮಗಳು ಎರಡು ಮೂರು ಶಾಲೆ ಬದಲಾಯಿಸಿದ್ದರೆ ಈಗಲೇ ಓಡಾಡಿ, ಕೊನೆಗೆ ಒಂದು ಶಾಲೆಯ ಹೆಡ್ಮಾಸ್ಟರ್ ರಜೆಯಲ್ಲಿರುತ್ತಾರೆ.

ಇನ್ನೊಂದು, ಜಾತಿ ಪ್ರಮಾಣಪತ್ರ. ನಮ್ಮ ರಾಜ್ಯದ 2ಎ, 3ಬಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಇದೆ ಅಂದ ಮಾತ್ರಕ್ಕೆ ಕೇಂದ್ರದಲ್ಲೂ ಇರುತ್ತದೆ ಅಂತ ಅಲ್ಲ. ಯಾವ ನಮೂನೆ ಕೇಳಿದ್ದಾರೋ ಅದರಲ್ಲೇ ಕೊಡಬೇಕು.

ಜಾಲಿಮರ, ಜಗಳೂರು
ಈ 25 ಪರ್ಸೆಂಟ್ ವಿಷಯ ಬಂತಲ್ಲ, ಒಂದು ಮಾತು. ಅದನ್ನು ಕನ್ನಡಿಗರ ಕೋಟಾ ಅಂತ ಟಿವಿಯಲ್ಲಿ ಕೂಗಿದರು. ಯಾರಿಗೆ ಸಿಗ್ತಿದೆ? ಇಂದಿರಾನಗರ, ಜಯನಗರದ ದೊಡ್ಡ ಇಂಗ್ಲಿಷ್ ಶಾಲೆಯ ಮಕ್ಕಳಿಗೆ. ಕ್ಲಾಟ್ ನಡೆಯೋದು ಇಂಗ್ಲಿಷಿನಲ್ಲಿ ಮಾತ್ರ. 450 ಪದದ ಪ್ಯಾಸೇಜು, ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಾದರೆ ಕಾಲು ಮಾರ್ಕ್ಸ್ ಕಟ್. ಗಣಿತವೂ ಕಥೆ ಓದಿ ಮಾಡಬೇಕು. ಜಗಳೂರಿನ ಸರ್ಕಾರಿ ಶಾಲೆಯ ಹುಡುಗ ಕಾನೂನು ಎಷ್ಟೇ ತಿಳಿದಿರಲಿ, ಮೊದಲ ಪ್ಯಾಸೇಜ್ ಮುಗಿಸೋದರೊಳಗೆ ಬೆಂಗಳೂರಿನವನು ಮೂರನೆಯದಕ್ಕೆ ಹೋಗಿರುತ್ತಾನೆ. ಅರ್ಜಿ ಫೀಸೇ ನಾಲ್ಕು ಸಾವಿರ.

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ಅದಕ್ಕೇ ಅಲ್ವಾ ಹೈಕೋರ್ಟ್ 2020ರಲ್ಲಿ ಈ ಮೀಸಲಾತಿ ತಂದ ಸರ್ಕಾರದ ತಿದ್ದುಪಡಿ ಕಾಯ್ದೆಯನ್ನೇ ರದ್ದು ಮಾಡಿದ್ದು.

ಕರಿಕೋಟು, ಚಿತ್ರದುರ್ಗ
ಅದಕ್ಕಲ್ಲ. ರದ್ದಾಗಿದ್ದಕ್ಕೆ ಮುಖ್ಯ ಕಾರಣ, ಸಂಸ್ಥೆ ರಾಷ್ಟ್ರಮಟ್ಟದ್ದು, ಸ್ವಾಯತ್ತ, ಅದರ ಆಡಳಿತ ಮಂಡಳಿಯನ್ನು ಬಿಟ್ಟು ಸರ್ಕಾರ ನೇರವಾಗಿ ಮೀಸಲಾತಿ ಹಾಕುವ ಹಾಗಿಲ್ಲ ಅನ್ನೋದು. ಮರುವರ್ಷ ಸಂಸ್ಥೆ ತಾನೇ ಸಮತಲ ಮೀಸಲಾತಿ ತಂದಿತು. ಅಂದರೆ ಜನರಲ್, ಎಸ್‌ಸಿ, ಎಸ್‌ಟಿ, ಒಬಿಸಿ, ಹೀಗೆ ಪ್ರತಿ ವರ್ಗದ ಒಳಗೂ ಕಾಲು ಭಾಗ ಕರ್ನಾಟಕದಲ್ಲಿ ಓದಿದವರಿಗೆ. ಜಾಲಿಮರ ಹೇಳಿದ್ದು ಬೇರೆಯದೇ ಮಾತು, ಅದು ನಿಜವೂ ಹೌದು.

ನಾಗರಭಾವಿ_ನಿವಾಸಿ, ಬೆಂಗಳೂರು
ನಿಜ. ಕ್ಲಾಸಿನಲ್ಲಿ ಕನ್ನಡ ಮಾತಾಡೋರು ಬೇಕಾದಷ್ಟು ಜನ ಇದ್ದೇವೆ. ಆದರೆ ಕನ್ನಡ ಮಾಧ್ಯಮದಿಂದ ಬಂದವರನ್ನು ಹುಡುಕಬೇಕು. ಕಾನೂನು ಪ್ರಾಧ್ಯಾಪಕರಾಗಿದ್ದ ಶಮ್ನಾದ್ ಬಷೀರ್ ಅವರು 2010ರಲ್ಲಿ ಶುರು ಮಾಡಿದ ಐಡಿಯಾ ಅನ್ನೋ ಸಂಸ್ಥೆ ಬಡ ಮಕ್ಕಳಿಗೆ ಕ್ಲಾಟ್ ತರಬೇತಿ ಕೊಡುತ್ತದೆ, ಸೀಟು ಸಿಕ್ಕಮೇಲೂ ಜೊತೆಗಿರುತ್ತದೆ. ಜಗಳೂರು ಕಡೆಯ ಮಕ್ಕಳಿಗೆ ಯಾರಾದರೂ ತಿಳಿಸಿ. ಒಂಬತ್ತನೇ ಕ್ಲಾಸಿನವರೆಗೆ ಕ್ಲಾಟ್ ಅನ್ನೋ ಹೆಸರೇ ನಾನು ಕೇಳಿರಲಿಲ್ಲ.

ದುರ್ಗದ_ಹೈದ, ಚಿತ್ರದುರ್ಗ
ನಾಗರಭಾವಿಯಲ್ಲಿ "ದಾವಣಗೆರೆ ಬೆಣ್ಣೆದೋಸೆ" ಅಂತ ಬೋರ್ಡ್ ಹಾಕಿ ಮಾರೋದನ್ನು ತಿಂದಿದ್ದೀರಾ ಅಕ್ಕ? ಅದರ ಮೇಲೆ ಕನ್ಸ್ಯೂಮರ್ ಕೋರ್ಟಿಗೆ ಹೋಗಬಹುದಾ?

ನಾಗರಭಾವಿ_ನಿವಾಸಿ, ಬೆಂಗಳೂರು
ಎರಡನೇ ವರ್ಷದಲ್ಲೇ ತಿನ್ನೋದು ಬಿಟ್ಟೆ ಅಣ್ಣ. ಪ್ರಾಜೆಕ್ಟ್ ಮಾಡೋಣ ಅಂತಿದ್ದೆ ಅದರ ಮೇಲೆ.

ಲೆಡ್ಜರ್_ರಾಯ, ದಾವಣಗೆರೆ
ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದೆ, ಈಗ ರಿಟೈರ್ಡ್. ಇಷ್ಟು ಹೊತ್ತು ಯಾರೂ ದುಡ್ಡಿನ ಮಾತು ಎತ್ತಿಲ್ಲ. ಎತ್ತಿದ ಒಬ್ಬರೇ ಒಬ್ಬರು ದೊಡ್ಡಪ್ಪನವರು, ಅವರನ್ನು ಎಲ್ಲರೂ ಸೇರಿ ಹಳೇ ಕಾಲದವರು ಮಾಡಿಬಿಟ್ಟಿರಿ.

ಫೀಸು, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸು ಅಂತ ಹಿಡಿಯಿರಿ. ಐದು ವರ್ಷಕ್ಕೆ ಇಪ್ಪತ್ತು. ಪೂರ್ತಿ ಸಾಲ ತೆಗೆದು, ಬಡ್ಡಿ ಒಂಬತ್ತೂವರೆ, ಹದಿನೈದು ವರ್ಷದ ಅವಧಿ ಅಂದುಕೊಂಡರೆ ಕಂತು ತಿಂಗಳಿಗೆ ಸುಮಾರು 21,000. ಇದು ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ. ಕಟ್ಟದೆ ಬಿಟ್ಟರೆ ಓದು ಮುಗಿದು ಒಂದು ವರ್ಷದ ಹೊತ್ತಿಗೆ ಸಾಲವೇ 27 ಲಕ್ಷ ದಾಟಿರುತ್ತದೆ, ಕಂತು 28-29 ಸಾವಿರ.

ಈಗ ಹುಡುಗಿಗೆ ಜಡ್ಜ್ ಆಗಬೇಕು. ಅದಕ್ಕೆ ಮೂರು ವರ್ಷ ಪ್ರಾಕ್ಟೀಸ್. ದಾವಣಗೆರೆಯಲ್ಲಿ ಜೂನಿಯರ್‌ಗೆ ಎಷ್ಟು ಕೊಡ್ತಾರೆ ವಕೀಲರೇ? ಈ ಕಂತು ಯಾರು ಕಟ್ಟೋದು?

ದುರ್ಗದ_ಹೈದ, ಚಿತ್ರದುರ್ಗ
ಪೆಟ್ರೋಲಿಗೆ ಆಗುವಷ್ಟು ಕೊಟ್ಟರೆ ಪುಣ್ಯ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸುತ್ತೋಲೆ ಹೊರಡಿಸಿತು, ನಗರದಲ್ಲಿ 20,000, ಹಳ್ಳಿ ಕಡೆ 15,000 ಕೊಡಿ ಅಂತ. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ನಮ್ಮ ಸೀನಿಯರ್ ಅದನ್ನು ಓದಿ ನಕ್ಕು ಮಡಿಚಿಟ್ಟರು.

ಶಾಮೀರ್‌ಪೇಟೆ_ಹಳೆಹುಲಿ, ಮುಂಬೈ (ಮೂಲ ಹೊನ್ನಾಳಿ)
ಲೆಡ್ಜರ್ ಅವರು ಹೇಳಿದ್ದು ನನ್ನದೇ ಕಥೆ. ನಾನೂ ಕಾಲೇಜಿಗೆ ಹೋಗುವಾಗ ಊರಿಗೆ ಬಂದು ಪ್ರಾಕ್ಟೀಸ್ ಮಾಡ್ತೀನಿ ಅಂತಲೇ ಹೋಗಿದ್ದು. ನಾಲ್ಕನೇ ವರ್ಷ ದೊಡ್ಡ ಲಾ ಫರ್ಮ್‌ಗಳು ಕ್ಯಾಂಪಸ್ಸಿಗೆ ಬರುತ್ತವೆ. ವರ್ಷಕ್ಕೆ ಹದಿನೈದು ಲಕ್ಷಕ್ಕೂ ಮೇಲಿನ ಸಂಬಳ. ಮನೆ ಮೇಲೆ ಸಾಲ ಇರುವವನು ಬೇಡ ಅಂತಾನಾ? ಮುಂಬೈಗೆ ಬಂದೆ. ಕಂಪನಿಗಳ ಒಪ್ಪಂದ ತಿದ್ದುತ್ತಾ ಕೂತಿದ್ದೇನೆ. ಕೋರ್ಟ್ ಹಾಲ್ ಒಳಗೆ ಕಾಲಿಟ್ಟು ಯಾವ ಕಾಲ ಆಯ್ತೋ. ಬೇಜಾರೇನಿಲ್ಲ, ಸಾಲ ತೀರಿತು, ಅಪ್ಪನಿಗೆ ಬೋರ್‌ವೆಲ್ ಹಾಕಿಸಿದೆ. ಆದರೆ ಕಾಲೇಜು ಆರಿಸಿದ್ದು ನಾನು, ಕೆಲಸ ಆರಿಸಿದ್ದು ಸಾಲ.

ಬಟ್ಟೆಅಂಗಡಿ_ಅಪ್ಪ, ದಾವಣಗೆರೆ
ಲೆಡ್ಜರ್ ಸಾರ್, ಹೊನ್ನಾಳಿ ಸಾರ್, ಇದನ್ನು ಯಾರೂ ಹೇಳಿರಲಿಲ್ಲ. ಕೋಚಿಂಗ್‌ನವರು ಸಂಬಳದ ಚಿತ್ರ ತೋರಿಸಿದ್ದರು, ಅಷ್ಟೇ. ಒಂದು ಬ್ಯಾಂಕಿಗೆ ಹೋಗಿದ್ದೆ. ಅಂಗಡಿ ಮಳಿಗೆ ಅಡ ಇಡಿ ಅಂದರು.

ಲೆಡ್ಜರ್_ರಾಯ, ದಾವಣಗೆರೆ
ಅಡ ಕೇಳಿದರೆ ಎದ್ದು ಬನ್ನಿ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಬಂದಿದೆ. ಪಟ್ಟಿಯಲ್ಲಿರುವ ಒಳ್ಳೇ ರ‍್ಯಾಂಕಿನ ಸಂಸ್ಥೆಗಳಿಗೆ ಅಡ, ಜಾಮೀನು ಇಲ್ಲದೆ ಸಾಲ. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದು ಮುಗಿಯುವವರೆಗೆ ಮತ್ತು ಆಮೇಲೆ ಒಂದು ವರ್ಷ, ಬಡ್ಡಿಯಲ್ಲಿ 3 ಪರ್ಸೆಂಟ್ ಸರ್ಕಾರ ಕಟ್ಟುತ್ತದೆ. ಅರ್ಜಿ ಪೋರ್ಟಲ್‌ನಲ್ಲೇ ಹಾಕಿ, ಕೌಂಟರಿನಲ್ಲಿ ಬಾಯಿಮಾತು ಬೇಡ. ಆಮೇಲೆ ಇಪ್ಪತ್ತೂ ಲಕ್ಷ ಸಾಲ ಮಾಡಬೇಡಿ. ಅರ್ಧ ಕೈಯಿಂದ ಹಾಕಿ. ಓದುವಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗಿ. ಆಗ ಕಂತು ಹತ್ತು ಸಾವಿರದ ಹತ್ತಿರ ಇಳಿಯುತ್ತದೆ.

ನಾಗರಭಾವಿ_ನಿವಾಸಿ, ಬೆಂಗಳೂರು
ಆದಾಯ ಕಡಿಮೆ ಇರುವವರಿಗೆ ಲಾ ಸ್ಕೂಲಿನಲ್ಲೇ ಹಣದ ನೆರವು ಇದೆ ಅಂಕಲ್. ಕೇಳೋಕೆ ನಾಚಿಕೆ ಬೇಡ. ನಾನೂ ತೆಗೆದುಕೊಂಡಿದ್ದೇನೆ.

ಬಾರ್_ಬೆಂಚು_1, ದಾವಣಗೆರೆ
ನಾನು ಇಲ್ಲಿ ಹೆಸರು ಬಂದಿರುವ ದೊಡ್ಡಪ್ಪ. ತಮ್ಮ ಈ ಪುಟ ಕಳಿಸಿದ. ಓದಿದೆ.

ನಾನು ಇಲ್ಲೇ ಓದು ಅಂದಿದ್ದು ದುಡ್ಡಿಗೆ ಮಾತ್ರ ಅಲ್ಲ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆ ಇದೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಸಾಕ್ಷಿ ಹೇಳಿಕೆ, ಪತ್ರಗಳು ಎಲ್ಲಾ ಬರುತ್ತವೆ. ದೊಡ್ಡ ಕಾಲೇಜಿನಲ್ಲಿ ಓದಿದ ಎಷ್ಟೋ ಮಕ್ಕಳು ಎಡವೋದು ಅಲ್ಲೇ. ಐದು ವರ್ಷ ಕನ್ನಡದಲ್ಲಿ ಒಂದು ಅರ್ಜಿಯನ್ನೂ ಬರೆದಿರೋದಿಲ್ಲ. "ಜಪ್ತಿ" ಗೊತ್ತಿರಲ್ಲ, "ತಕರಾರು" ಗೊತ್ತಿರಲ್ಲ. 2024ರ ಜುಲೈಯಿಂದ ಹೊಸ ಕ್ರಿಮಿನಲ್ ಸಂಹಿತೆಗಳು ಬಂದು ಹಳಬರಾದ ನಾವೇ ಮತ್ತೆ ಕಲಿಯುತ್ತಿದ್ದೇವೆ. ಐಪಿಸಿಯ ಸೆಕ್ಷನ್ ನಂಬರ್ ನಾಲಿಗೆ ಮೇಲಿದೆ, ಅದರ ಬದಲು ಬಂದ ಬಿಎನ್‌ಎಸ್‌ನದು ಪುಸ್ತಕ ನೋಡಿ ಹೇಳಬೇಕು. ಈ ಕಾಲದಲ್ಲಿ ಆಫೀಸಿನಲ್ಲಿ ಕೂತು ಕಲಿತವರೇ ಮೇಲು ಅಂತ ನನ್ನ ನಂಬಿಕೆ.

ಇನ್ನು ಬೆಂಗಳೂರೋ ಹೈದರಾಬಾದೋ ಅಂತ ಕೇಳಿದರೆ, ಈ ಕೆಲಸಕ್ಕೆ ಎರಡೂ ಒಂದೇ. ಕರ್ನಾಟಕದ ಭೂಕಂದಾಯ ಕಾಯ್ದೆಯನ್ನು ಎರಡು ಕಡೆಯೂ ನಮ್ಮ ಹಾಗೆ ಕಲಿಸೋದಿಲ್ಲ.

ಕರಿಕೋಟು, ಚಿತ್ರದುರ್ಗ
ಸಾರ್ ಹೇಳಿದ್ದಕ್ಕೆ ನನ್ನ ಸಹಮತ ಇದೆ. ಆದರೆ ಒಂದು ಪ್ರಶ್ನೆ. ಹುಡುಗಿ ಇಪ್ಪತ್ತೆರಡು ದಾಟುವ ಹೊತ್ತಿಗೆ ಮನಸ್ಸು ಬದಲಾದರೆ? ಜಡ್ಜ್ ಬೇಡ, ಸಂಶೋಧನೆ ಮಾಡ್ತೀನಿ, ಹೊರದೇಶಕ್ಕೆ ಹೋಗ್ತೀನಿ ಅಂದರೆ? ಹದಿನೆಂಟರಲ್ಲಿ ಹೇಳಿದ್ದನ್ನು ಯಾರು ಮಾಡಿದ್ದಾರೆ? ಆಗ ಕಾಲೇಜಿನ ಹೆಸರು, ಅಲ್ಲಿನ ಗೆಳೆಯರು ಕೆಲಸಕ್ಕೆ ಬರುತ್ತಾರೆ. ಊರಿನ ಕಾಲೇಜಿನಿಂದ ಆ ದಾರಿ ಇಲ್ಲ ಅಂತಲ್ಲ, ಏರು ಜಾಸ್ತಿ.

ಬಾರ್_ಬೆಂಚು_1, ದಾವಣಗೆರೆ
ಮನಸ್ಸು ಬದಲಾಗುತ್ತದೆ ಅಂತ ಇಪ್ಪತ್ತು ಲಕ್ಷದ ವಿಮೆ ಮಾಡಿಸಬೇಕಾ?

ಕರಿಕೋಟು, ಚಿತ್ರದುರ್ಗ
ಹೌದು ಸಾರ್. ಮಗಳಿಗೆ ಅಲ್ವಾ.

ಪಿಬಿರೋಡ್_ಅಮ್ಮ, ದಾವಣಗೆರೆ
ಮದುವೆಗೆ ಅಂದರೆ ಯಾರೂ ಲೆಕ್ಕ ಕೇಳಲ್ಲ ಬಿಡಿ. ಇದಕ್ಕೆ ಮಾತ್ರ ಬಡ್ಡಿ ಸಮೇತ ಕೇಳ್ತೀರ.

ಮಿರ್ಚಿಮಂಡಕ್ಕಿ, ದಾವಣಗೆರೆ
👏👏 ಅಮ್ಮಂದು ಇವತ್ತಿನ ತೀರ್ಪು.

ಜಾಲಿಮರ, ಜಗಳೂರು
ದಾವಣಗೆರೆ ಬಿಸಿಲಿಗೆ ಏಪ್ರಿಲ್‌ನಲ್ಲಿ ಆ ಕರಿಕೋಟು ಹಾಕೋದೇ ದೊಡ್ಡ ಶಿಕ್ಷೆ. ಅದನ್ನು ಯೋಚಿಸಿದ್ದಾಳಾ ಹುಡುಗಿ?

ದುರ್ಗದ_ಹೈದ, ಚಿತ್ರದುರ್ಗ
2024ರ ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಿಗೆ ಹೈಕೋರ್ಟೇ ಕೋಟಿನಿಂದ ವಿನಾಯಿತಿ ಕೊಟ್ಟಿತ್ತು. ಆ ಒಂದೂವರೆ ತಿಂಗಳು ವಕೀಲರೆಲ್ಲಾ ಮದುವೆಗೆ ಹೊರಟವರ ಥರ ಕಾಣ್ತಿದ್ದೆವು.

ನಿರ್ವಾಹಕ
ಕೋಟು, ದೋಸೆ ಬೇರೆ ಕಡೆ ಮಾತಾಡಿ. ಇವರಿಗೆ ನಾಳೆ ಸಂಜೆಯೊಳಗೆ ಒತ್ತಬೇಕು.

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ನನ್ನ ಕೊನೆಯ ಮಾತು: ಫ್ಲೋಟ್. ಬೆಂಗಳೂರು ಬಂದರೆ ಅಮ್ಮನಿಗೂ ಸಮಾಧಾನ, ಹೈಕೋರ್ಟೂ ಹತ್ತಿರ. ಬರದಿದ್ದರೆ ನಲ್ಸಾರ್ ಎಲ್ಲೂ ಹೋಗಲ್ಲ.

ಶಾಮೀರ್‌ಪೇಟೆ_ಹಳೆಹುಲಿ, ಮುಂಬೈ (ಮೂಲ ಹೊನ್ನಾಳಿ)
ನಾನು ಹಳೆಯ ವಿದ್ಯಾರ್ಥಿ, ನಲ್ಸಾರ್ ಅಂತಲೇ ಹೇಳ್ತೀನಿ ಅಂದುಕೊಂಡಿದ್ದೀರಿ. ಇಲ್ಲ. ಹುಡುಗಿಯನ್ನು ಕೂರಿಸಿಕೊಂಡು ಯಾಕೆ ಹೈದರಾಬಾದ್ ಅಂತ ಕೇಳಿ. ಫ್ರೆಂಡ್ ಹೋಗ್ತಾಳೆ, ಬಿರಿಯಾನಿ ಚೆನ್ನಾಗಿದೆ ಅಂದರೆ ಫ್ಲೋಟ್. ಕಾರಣ ಗಟ್ಟಿ ಇದ್ದರೆ ಫ್ರೀಜ್. ಈ ಎರಡು ಕಾಲೇಜಿನ ನಡುವೆ ನಾಣ್ಯ ಚಿಮ್ಮಿದರೂ ನಷ್ಟ ಇಲ್ಲ.

ಬಟ್ಟೆಅಂಗಡಿ_ಅಪ್ಪ, ದಾವಣಗೆರೆ
ಕೇಳಿದೆ. ಅಂಗಡಿ ಮುಚ್ಚಿ ಬಂದು, ಅಣ್ಣನನ್ನೂ ಕರೆಸಿ, ಎಲ್ಲರೂ ಕೂತೆವು. ಅವಳು ಹೇಳಿದ್ದು ಹೀಗೆ. "ಜಡ್ಜ್ ಪರೀಕ್ಷೆಗೆ ಮೂರು ವರ್ಷ ಪ್ರಾಕ್ಟೀಸ್ ಬೇಕೇ ಬೇಕು. ಅದನ್ನು ದೊಡ್ಡಪ್ಪನ ಆಫೀಸಿನಲ್ಲೇ ಮಾಡ್ತೀನಿ. ಆಮೇಲೆ ಜಡ್ಜ್ ಆದರೂ ಕರ್ನಾಟಕದ ಒಳಗೇ ವರ್ಗ. ಅಂದಮೇಲೆ ಹೊರಗೆ ಇರೋಕೆ ನನಗೆ ಸಿಗೋದು ಈ ಐದು ವರ್ಷ ಮಾತ್ರ. ಬೆಂಗಳೂರಿನಲ್ಲಿದ್ದರೆ ಪ್ರತಿ ಶನಿವಾರ ಮನೆಗೆ ಬಾ ಅಂತೀರಿ." ಅವಳಮ್ಮ ಸುಮ್ಮನಾದಳು, ಯಾಕಂದರೆ ಹಾಗೇ ಅನ್ನೋಳು. ಅನುವಾದದ ವಿಷಯಕ್ಕೆ ಅಣ್ಣ ಒಂದು ಷರತ್ತು ಹಾಕಿದ್ದಾರೆ. ಪ್ರತಿ ರಜೆಯಲ್ಲಿ ಆಫೀಸಿಗೆ ಬಂದು ಕನ್ನಡದಲ್ಲಿ ವಾದಪತ್ರ ಬರೀಬೇಕು. ಒಪ್ಪಿದ್ದಾಳೆ.

ಹತ್ತು ಲಕ್ಷ ಸಾಲ, ಉಳಿದದ್ದು ಕೈಯಿಂದ. ಫ್ರೀಜ್ ಒತ್ತಿಯಾಯ್ತು.

ಎರಡನೇ_ಅಪೀಲು, ಬೆಂಗಳೂರು (ಮೂಲ ಹರಿಹರ)
ನ್ಯಾಷನಲ್ ಲಾ ಸ್ಕೂಲ್ ಬಿಟ್ಟಿರಾ?! ನನ್ನಿಂದ ಇದನ್ನು ಒಪ್ಪೋಕೆ ಆಗಲ್ಲ. ಶುಭವಾಗಲಿ.

ನಾಗರಭಾವಿ_ನಿವಾಸಿ, ಬೆಂಗಳೂರು
ಆ ಶನಿವಾರದ ಮಾತು ಸತ್ಯ. ನಮ್ಮನೆಯಲ್ಲೂ ಅದೇ ಗಲಾಟೆ.

ಬಾರ್_ಬೆಂಚು_1, ದಾವಣಗೆರೆ
ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನಾಳೆಯೇ ಅರ್ಜಿ ಹಾಕು ತಮ್ಮಾ. ಮತ್ತೆ ಅವಳಿಗೆ ಹೇಳು, ಮಾರ್ಚಿನಲ್ಲಿ ಪಿಯು ಪರೀಕ್ಷೆ ಇದೆ. 45 ಪರ್ಸೆಂಟ್ ಬರದಿದ್ದರೆ ನಲ್ಸಾರೂ ಇಲ್ಲ, ಏನೂ ಇಲ್ಲ.

ತುಂಗಭದ್ರಾ_ತೀರ, ಹರಿಹರ
ಇದೇ ಎಳೆಯಲ್ಲಿ ನನ್ನದೂ ಒಂದು ಕೇಳಿಬಿಡ್ತೀನಿ. ನನ್ನ ತಮ್ಮ ಹರಿಹರದಲ್ಲಿ ಬಿಕಾಂ ಫೈನಲ್. ಅವನಿಗೆ ಈಗ ಲಾ ಹುಚ್ಚು ಹಿಡಿದಿದೆ. ಕ್ಲಾಟ್ ಟೈಮ್ ಮುಗೀತಾ?

ಕರಿಕೋಟು, ಚಿತ್ರದುರ್ಗ
ಡಿಗ್ರಿ ಆದವನಿಗೆ ಕ್ಲಾಟ್ ಯಾಕೆ? ಮೂರು ವರ್ಷದ ಎಲ್‌ಎಲ್‌ಬಿ ಮಾಡಲಿ. ನಾಗರಭಾವಿಯಲ್ಲೂ 2022ರಿಂದ ಅದು ಶುರುವಾಗಿದೆ, ಎನ್‌ಎಲ್‌ಸ್ಯಾಟ್ ಅಂತ ಬೇರೆ ಪರೀಕ್ಷೆ. ಅದರಲ್ಲಿ ಬರೆದು ಉತ್ತರಿಸುವ ಭಾಗವೂ ಇರುತ್ತದೆ, ಸುಮ್ನೆ ಟಿಕ್ ಹಾಕಿದರೆ ಆಗಲ್ಲ. ಹೊಸ ಎಳೆ ತೆಗೆಯಿರಿ, ಅಲ್ಲಿ ಮಾತಾಡೋಣ.